ನೀನು ಓಡಿದ್ರೆ ಅವ್ರ ಕಾಯಿಲೆ ಹೆಂಗೋ ವಾಸಿಯಾಗುತ್ತೆ?

ನಮ್ಮ ದೊಡ್ಡಪ್ಪ ತಿಪಟೂರಿನವರು. ಮೂವತ್ತು ವರ್ಷ ಕೊಬ್ಬರಿ ಮಂಡಿ ನಡೆಸಿದವರು. ಕೊಟ್ಟಿದ್ದಕ್ಕೂ ಲೆಕ್ಕ, ಬಂದಿದ್ದಕ್ಕೂ ಲೆಕ್ಕ. ನಾನು ಮೊದಲ ಸಲ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟು, "ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸ್ತಿದ್ದೀನಿ, ಕೈಲಾದಷ್ಟು ಕೊಡಿ" ಅಂತ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಲಿಂಕ್ ಹಾಕಿದಾಗ, ಉಳಿದವರೆಲ್ಲ ಕೈ ಮುಗಿಯುವ ಚಿತ್ರ ಒತ್ತಿ ಸುಮ್ಮನಾದರು. ದೊಡ್ಡಪ್ಪ ಮಾತ್ರ ಫೋನ್ ಮಾಡಿದರು.

"ಅಲ್ಲ ಕಣೋ, ನೀನು ಓಡಿದ್ರೆ ಅವ್ರ ಕಾಯಿಲೆ ಹೆಂಗೋ ವಾಸಿಯಾಗುತ್ತೆ? ಕೊಡ್ಬೇಕು ಅಂದ್ರೆ ನಾನು ನೇರವಾಗಿ ಆಸ್ಪತ್ರೆಗೇ ಕೊಡ್ತೀನಪ್ಪ. ಮಧ್ಯ ನೀನ್ಯಾಕೆ ಓಡ್ಬೇಕು?"

ನಗು ಬಂತು. ಉತ್ತರ ಬರಲಿಲ್ಲ. ಆಮೇಲೆ ಕೂತು ಯೋಚಿಸಿದಾಗ ಗೊತ್ತಾಯ್ತು, ಆ ಒಂದು ಪ್ರಶ್ನೆಯಲ್ಲಿ ಮೂರು ಪ್ರಶ್ನೆ ಇವೆ. ಯಾರೋ ಓಡಿದರೆ ಇನ್ಯಾರೋ ಯಾಕೆ ದುಡ್ಡು ಕೊಡುತ್ತಾರೆ? ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಸರ್ಕಾರ, ದೊಡ್ಡ ದೊಡ್ಡ ಔಷಧಿ ಕಂಪನಿಗಳು ಎಲ್ಲ ಇರುವಾಗ ಸಂಶೋಧನೆಗೆ ನಮ್ಮ ಐನೂರು ರೂಪಾಯಿ ಯಾಕೆ ಬೇಕು?

ಇದರ ಬೇರು ಹುಡುಕಿಕೊಂಡು ಹೊರಟರೆ ಕೆನಡಾದ ಟೆರಿ ಫಾಕ್ಸ್ ಹತ್ತಿರ ಬಂದು ನಿಲ್ಲಲೇಬೇಕು. 1977ರಲ್ಲಿ, ಹದಿನೆಂಟನೇ ವಯಸ್ಸಿಗೆ, ಅವನಿಗೆ ಮೂಳೆ ಕ್ಯಾನ್ಸರ್ ಬಂತು. ಬಲಗಾಲನ್ನು ಮಂಡಿಯಿಂದ ಮೇಲಕ್ಕೆ ಕತ್ತರಿಸಿದರು. ಆಮೇಲೆ ಹದಿನಾರು ತಿಂಗಳು ಕೀಮೋಥೆರಪಿ. ಆಗ ಡಾಕ್ಟರು ಹೇಳಿದ ಒಂದು ಲೆಕ್ಕ ಅವನ ತಲೆಯಲ್ಲಿ ಕೂತುಬಿಟ್ಟಿತು. ನೀನು ಬದುಕುವ ಸಾಧ್ಯತೆ ನೂರಕ್ಕೆ ಐವತ್ತು. ಎರಡು ವರ್ಷದ ಹಿಂದೆ ಬಂದಿದ್ದರೆ ನೂರಕ್ಕೆ ಹದಿನೈದು.

ಈ ಒಂದು ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಅದೇ ಕಾಯಿಲೆ, ಅದೇ ದೇಶ, ಅದೇ ಥರದ ಆಸ್ಪತ್ರೆ. ಬದಲಾಗಿದ್ದು ಔಷಧಿ ಒಂದೇ. ಯಾರೋ ಎಲ್ಲೋ ಕೂತು, ಯಾವ ಔಷಧಿಯನ್ನು ಎಷ್ಟು, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಅಂತ ತಲೆ ಕೆಡಿಸಿಕೊಂಡಿದ್ದಕ್ಕೆ ಹದಿನೈದು ಐವತ್ತಾಯ್ತು. ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯವರು ನರಳುವುದನ್ನು ನೋಡಿದ ಹುಡುಗ ಅವರಿಗೆ ಹಣ್ಣು ಹಂಪಲು ಕೊಡೋಣ ಅಂದುಕೊಳ್ಳದೆ, ಸಂಶೋಧನೆಗೇ ಹಣ ಕೂಡಿಸಬೇಕು ಅಂದುಕೊಂಡಿದ್ದು ಈ ಲೆಕ್ಕದಿಂದ.

1980ರ ಏಪ್ರಿಲ್ 12ರಂದು ಕೆನಡಾದ ಪೂರ್ವದ ತುದಿಯ ಸೇಂಟ್ ಜಾನ್ಸ್ ಊರಿನಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ತನ್ನ ಕೃತಕ ಕಾಲನ್ನು ಅದ್ದಿ ಓಡಲು ಶುರು ಮಾಡಿದ. ಗುರಿ ಪಶ್ಚಿಮದ ಪೆಸಿಫಿಕ್ ಸಮುದ್ರ. ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ದಿನಾ ಒಂದು ಮ್ಯಾರಥಾನ್. ಗೆಳೆಯನೊಬ್ಬ ವ್ಯಾನ್ ಓಡಿಸಿಕೊಂಡು ಜೊತೆಗಿದ್ದ. ಈಗ ಓಟಗಾರರು ಹಾಕುವ ಬಾಗಿದ ಕಾರ್ಬನ್ ಪಟ್ಟಿಯ ಕಾಲು ಆಗ ಇರಲಿಲ್ಲ. ಅವನದು ನಡೆಯುವುದಕ್ಕೆ ಅಂತ ಮಾಡಿದ ಕಾಲು. ಅದನ್ನು ಮುಂದಕ್ಕೆ ಬೀಸಿ ನೆಲಕ್ಕೆ ಊರುವಷ್ಟರಲ್ಲಿ ಒಳ್ಳೇ ಕಾಲಿನಲ್ಲಿ ಎರಡು ಸಲ ಕುಪ್ಪಳಿಸಬೇಕು. ಹಳೇ ವಿಡಿಯೊ ನೋಡಿದರೆ ಓಟದ ಲಯವೇ ಬೇರೆ: ಕುಪ್ಪಳ, ಕುಪ್ಪಳ, ಹೆಜ್ಜೆ. ಕುಪ್ಪಳ, ಕುಪ್ಪಳ, ಹೆಜ್ಜೆ. ಮೊಂಡುಗಾಲು ಉಜ್ಜಿ ಉಜ್ಜಿ ಬೊಕ್ಕೆ ಎದ್ದು ರಕ್ತ ಸುರಿಯುತ್ತಿತ್ತು.

ಮೊದಮೊದಲು ಯಾರೂ ತಿರುಗಿ ನೋಡಲಿಲ್ಲ. ಒಂಟಾರಿಯೊ ಪ್ರಾಂತ್ಯಕ್ಕೆ ಬರುವ ಹೊತ್ತಿಗೆ ರಸ್ತೆಯ ಎರಡೂ ಕಡೆ ಜನ. ಮೊದಲು ಹತ್ತು ಲಕ್ಷ ಡಾಲರ್ ಸಾಕು ಅಂದುಕೊಂಡಿದ್ದವನು ಆಮೇಲೆ ಪ್ರತಿ ಕೆನಡಾದವರಿಂದ ಒಂದೊಂದು ಡಾಲರ್ ಕೇಳಿದ. ಆಗ ಅಲ್ಲಿನ ಜನಸಂಖ್ಯೆ ಸುಮಾರು 2 ಕೋಟಿ 40 ಲಕ್ಷ. 143 ದಿನ, 5,373 ಕಿಲೋಮೀಟರ್ ಆದ ಮೇಲೆ, ಸೆಪ್ಟೆಂಬರ್ 1ರಂದು, ಥಂಡರ್ ಬೇ ಊರಿನ ಹತ್ತಿರ ಕೆಮ್ಮು, ಎದೆನೋವು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. ಅಲ್ಲಿಗೆ ಓಟ ನಿಂತಿತು. ದುಡ್ಡು ನಿಲ್ಲಲಿಲ್ಲ. 1981ರ ಫೆಬ್ರವರಿ ಹೊತ್ತಿಗೆ 2 ಕೋಟಿ 41 ಲಕ್ಷ ಡಾಲರ್ ಆಗಿತ್ತು. ತಲೆಗೊಂದು ಡಾಲರ್ ಲೆಕ್ಕ ಪಕ್ಕಾ ಆಯ್ತು. ಅದೇ ವರ್ಷ ಜೂನ್ 28ರಂದು ಹುಡುಗ ತೀರಿಕೊಂಡ. ಇನ್ನೊಂದು ತಿಂಗಳು ಕಳೆದಿದ್ದರೆ ಇಪ್ಪತ್ಮೂರು ತುಂಬುತ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟೆರಿ ಮಧ್ಯದಲ್ಲಿ ಡಾಕ್ಟರ ತಪಾಸಣೆಗಳನ್ನು ತಪ್ಪಿಸಿಕೊಳ್ಳುತ್ತಿದ್ದ. ಅವನ ಕಥೆ ಕೇಳಿ ಕಣ್ಣೀರು ಹಾಕುವವರು, ಅದೊಂದನ್ನು ದಯವಿಟ್ಟು ಕಲಿಯಬೇಡಿ.

ಓಟ ನಿಂತು ಅವನು ಆಸ್ಪತ್ರೆ ಸೇರಿದಾಗಲೇ ಹೋಟೆಲ್ ಉದ್ಯಮಿ ಇಸಡೋರ್ ಶಾರ್ಪ್, ತಾವೂ ಮಗನನ್ನು ಕ್ಯಾನ್ಸರ್‌ಗೆ ಕಳೆದುಕೊಂಡವರು, ಪ್ರತಿ ವರ್ಷ ಅವನ ಹೆಸರಿನಲ್ಲಿ ಒಂದು ಓಟ ನಡೆಸೋಣ ಅಂದರು. ಗೆದ್ದವರು ಸೋತವರು ಇಲ್ಲ, ಬಹುಮಾನ ಇಲ್ಲ. 1981ರ ಸೆಪ್ಟೆಂಬರ್‌ನಲ್ಲಿ ಮೊದಲ ಓಟಕ್ಕೇ 3 ಲಕ್ಷ ಜನ ಬಂದರು, 35 ಲಕ್ಷ ಡಾಲರ್ ಕೂಡಿತು. ಇವತ್ತಿನ ತನಕ ಸಂಶೋಧನೆಗೆ ಕೂಡಿದ್ದು 85 ಕೋಟಿ ಡಾಲರ್‌ಗಿಂತ ಜಾಸ್ತಿ. ನಮ್ಮ ಮುಂಬೈ, ಚೆನ್ನೈಗಳಲ್ಲೂ ಟೆರಿ ಫಾಕ್ಸ್ ಓಟ ನಡೆದಿದೆ.

ಸರಿ, ದೊಡ್ಡಪ್ಪನ ಮೊದಲ ಪ್ರಶ್ನೆ. ಓಡಿದರೆ ಯಾಕೆ ಕೊಡುತ್ತಾರೆ?

ಇದಕ್ಕೆ ಉತ್ತರ ಉತ್ತರ ಕರ್ನಾಟಕದವರಿಗೆ ಹೇಳಿಕೊಡುವುದೇ ಬೇಡ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟವರನ್ನು ನೋಡಿದ್ದೀರಲ್ವಾ? ಬೆಳಗಾವಿ, ಬಾಗಲಕೋಟೆ ಕಡೆಯಿಂದ ಉರಿಬಿಸಿಲಿನಲ್ಲಿ ನೂರಾರು ಕಿಲೋಮೀಟರ್ ನಡೆಯುತ್ತಾರೆ. ದಾರಿಯುದ್ದಕ್ಕೂ ಊರಿನವರು ಪೆಂಡಾಲ್ ಹಾಕಿ ರೊಟ್ಟಿ, ಮಜ್ಜಿಗೆ, ನೀರು ಕೊಡುತ್ತಾರೆ. ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರೂ ಇರುತ್ತಾರೆ. ಅದೇ ಮನೆಯ ಬಾಗಿಲಿಗೆ ಒಬ್ಬ ಕಾರಿನಲ್ಲಿ ಬಂದು "ಮಲ್ಲಯ್ಯನ ಹೆಸರಲ್ಲಿ ಊಟ ಹಾಕಿ" ಅಂದರೆ ಅಷ್ಟೇ ಪ್ರೀತಿಯಿಂದ ಹಾಕುತ್ತಾರಾ? ನಡೆದು ಬಂದವನ ಕಾಲಿನ ಬೊಕ್ಕೆ ನೋಡಿದಾಗ, ಇವನು ತನ್ನ ಪಾಲು ಕೊಟ್ಟಾಗಿದೆ, ಇನ್ನು ನನ್ನ ಪಾಲು ಅಂತ ಅನ್ನಿಸುತ್ತದೆ. ನಡೆಯಲಾಗದವರು ನಡೆಯುವವರ ಮೂಲಕ ಯಾತ್ರೆ ಮಾಡುತ್ತಾರೆ.

ಇದನ್ನು ವಿದ್ವಾಂಸರೂ ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ರಿಸ್ಟೊಫರ್ ಒಲಿವೊಲ ಮತ್ತು ಎಲ್ಡಾರ್ ಶಫೀರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಾನ ಮಾಡುವ ದಾರಿ ಕಷ್ಟದ್ದಾಗಿದ್ದರೆ ಜನ ಜಾಸ್ತಿ ಕೊಡಲು ಮುಂದಾಗುತ್ತಾರೆ ಅಂತ ಕಂಡುಬಂತು. ಒಳ್ಳೆಯ ಕೆಲಸಕ್ಕೆ ಪಿಕ್ನಿಕ್ ಇಟ್ಟುಕೊಂಡರೆ ಬರುವುದಕ್ಕಿಂತ ಐದು ಮೈಲಿ ಓಟ ಇಟ್ಟುಕೊಂಡರೆ ಕೈ ಉದ್ದವಾಗುತ್ತದೆ. ಲೆಕ್ಕಾಚಾರದ ಪ್ರಕಾರ ಇದು ತಲೆಕೆಳಗು. ಸುಲಭವಾದದ್ದಕ್ಕೇ ಅಲ್ವಾ ಜನ ಬರಬೇಕು? ಆದರೆ ಹರಕೆ ಹೊತ್ತವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. 2010ರ ಲಂಡನ್ ಮ್ಯಾರಥಾನ್ ಓಟಗಾರರ ದೇಣಿಗೆ ಪುಟಗಳನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞರು ಜಾಲಾಡಿದರು. ಹಿಂದಿನವರು ಕೊಟ್ಟಿದ್ದರ ಸರಾಸರಿ 10 ಪೌಂಡ್ ಜಾಸ್ತಿ ಇದ್ದರೆ, ಮುಂದೆ ಬರುವವರು ಸುಮಾರು ಎರಡೂವರೆ ಪೌಂಡ್ ಜಾಸ್ತಿ ಕೊಡುತ್ತಾರೆ. ಮುಯ್ಯಿ ಪುಸ್ತಕ ನೆನಪಾಯ್ತಾ? ಮದುವೆ ಮನೆಯಲ್ಲಿ ಮೇಲಿನ ಸಾಲು ಇಣುಕಿ ನೋಡಿ ನಾವು ಎಷ್ಟು ಬರೆಸಬೇಕು ಅಂತ ನಿರ್ಧಾರ ಮಾಡುವುದು? ಅದೇ. ಹಾಗಾಗಿ ಹಣ ಕೂಡಿಸಲು ಹೊರಟವರಿಗೆ ನನ್ನ ಸಲಹೆ: ಮೊದಲ ಲಿಂಕನ್ನು ಗ್ರೂಪಿಗೆ ಹಾಕಬೇಡಿ. ಕೈ ಬಿಚ್ಚಿ ಕೊಡುವ ಅತ್ತೆಗೋ ಮಾವನಿಗೋ ಮೊದಲು ಕಳಿಸಿ. ಮೊದಲ ಸಾಲು ಗಟ್ಟಿಯಾಗಿರಲಿ. ನಾನು ಉಲ್ಟಾ ಮಾಡಿದೆ. ನನ್ನ ಪುಟದಲ್ಲಿ ಮೊದಲು ಬಂದದ್ದು ನೂರೊಂದು ರೂಪಾಯಿ, ಆಮೇಲೆ ಎಲ್ಲರೂ ನೂರೊಂದೇ.

ಈಗ ದುಡ್ಡಿನ ದಾರಿ. ದೊಡ್ಡ ಓಟಗಳಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೋಡಲು ಲಂಡನ್ನೇ ಒಳ್ಳೆಯ ಉದಾಹರಣೆ. 1981ರಲ್ಲಿ ಶುರುವಾದ ಓಟ. 2025ರದ್ದಕ್ಕೆ ಲಾಟರಿಯಲ್ಲಿ ಹೆಸರು ಕೊಟ್ಟವರು 8 ಲಕ್ಷ 40 ಸಾವಿರ. ಓಡಿ ಮುಗಿಸಿದವರು 56 ಸಾವಿರ ಚಿಲ್ಲರೆ. ತಿರುಪತಿ ಸೇವಾ ಟಿಕೆಟ್ಟಿನ ಹಾಗೆ. ಲಾಟರಿಯಲ್ಲಿ ಸಿಗದವರಿಗೆ ಇನ್ನೊಂದು ಬಾಗಿಲು ಇದೆ. ಸೇವಾ ಸಂಸ್ಥೆಗಳು ಸಂಘಟಕರಿಂದ ಒಂದಷ್ಟು ಬಿಬ್‌ಗಳನ್ನು (ಎದೆಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ) ದುಡ್ಡು ಕೊಟ್ಟು ತೆಗೆದುಕೊಂಡಿರುತ್ತವೆ. ನೀವು ಅವರ ಹತ್ತಿರ ಹೋಗಿ, ಸಾಮಾನ್ಯವಾಗಿ 2000 ಪೌಂಡ್ ಆಸುಪಾಸು ಕೂಡಿಸಿ ಕೊಡುತ್ತೇನೆ ಅಂತ ಒಪ್ಪಿಕೊಂಡರೆ ಬಿಬ್ ನಿಮ್ಮದು. ಓಟಗಾರನಿಗೆ ಜಾಗ, ಸಂಸ್ಥೆಗೆ ಹಣ, ಸಂಘಟಕರಿಗೆ ಹೆಸರು. 2024ರಲ್ಲಿ ಈ ಒಂದೇ ದಿನದ ಓಟದಿಂದ ಕೂಡಿದ್ದು 7 ಕೋಟಿ 30 ಲಕ್ಷ ಪೌಂಡ್‌ಗಿಂತ ಜಾಸ್ತಿ. ಎಲ್ಲವೂ ಸಂಶೋಧನೆಗಲ್ಲ. ನಾಯಿ ಸಾಕುವ ಸಂಸ್ಥೆಯಿಂದ ಹಿಡಿದು ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಸಂಸ್ಥೆಯವರೆಗೆ ಎಲ್ಲರೂ ಇದ್ದಾರೆ. ಪಂಜಾಬ್ ಮೂಲದ ಫೌಜಾ ಸಿಂಗ್ ಅಜ್ಜ 2000ನೇ ಇಸವಿಯಲ್ಲಿ, 89ರ ವಯಸ್ಸಿನಲ್ಲಿ, ಮೊದಲ ಸಲ ಲಂಡನ್ ಓಡಿದ್ದು ಆ ಕೂಸುಗಳಿಗಾಗಿಯೇ.

ಇಲ್ಲಿ ಸುಳ್ಳು ಹೇಳುವುದು ಬೇಡ. ಕೂಡಿದ ಹಣ ಅಷ್ಟೂ ಲ್ಯಾಬಿಗೆ ಹೋಗುವುದಿಲ್ಲ. ಬಿಬ್‌ನ ಬೆಲೆ, ಟಿ-ಶರ್ಟು, ಕಚೇರಿ ನಡೆಸುವ ಖರ್ಚು ಎಲ್ಲ ಅದರಲ್ಲೇ ಕಳೆಯಬೇಕು. ಸಂಸ್ಥೆಯಿಂದ ಸಂಸ್ಥೆಗೆ ವ್ಯತ್ಯಾಸವಿದೆ. ಬಾಸ್ಟನ್ನಿನ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆ 1990ರಿಂದ ಬಾಸ್ಟನ್ ಮ್ಯಾರಥಾನ್‌ನಲ್ಲಿ ತಂಡ ಓಡಿಸುತ್ತಿದೆ. ಓಟಗಾರರು ತಂದ ಹಣ ಪೂರ್ತಿಯಾಗಿ ಒಂದೇ ಕಡೆಗೆ ಅಂತ ಅವರು ಗೊತ್ತು ಮಾಡಿಕೊಂಡಿದ್ದಾರೆ: ಬಾರ್ ಕಾರ್ಯಕ್ರಮ ಅನ್ನುವ ಮೂಲ ಸಂಶೋಧನೆಯ ನಿಧಿಗೆ.

ಈ ನಿಧಿಯ ಕೆಲಸ ಅರ್ಥವಾದರೆ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಂತೆ. ಸಂಶೋಧನೆಯ ದೊಡ್ಡ ದುಡ್ಡು ಎರಡು ಕಡೆಯಿಂದ ಬರುತ್ತದೆ. ಸರ್ಕಾರದ ಹಣ ಬೇಕು ಅಂದರೆ ವಿಜ್ಞಾನಿ ಅರ್ಜಿ ಹಾಕಬೇಕು. ಅರ್ಜಿ ನೋಡುವವರು ಮೊದಲು ಕೇಳುವುದು, ಇದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಏನಾದರೂ ಪ್ರಾಥಮಿಕ ಫಲಿತಾಂಶ ಇದೆಯಾ ಅಂತ. ಫಲಿತಾಂಶ ಬೇಕಾದರೆ ಪ್ರಯೋಗ ಮಾಡಬೇಕು, ಪ್ರಯೋಗಕ್ಕೆ ಹಣ ಬೇಕು, ಹಣಕ್ಕೆ ಫಲಿತಾಂಶ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಇನ್ನು ಕಂಪನಿಗಳು. ಅವರಿಗೆ ಮಾರುಕಟ್ಟೆ ಬೇಕು. ರೋಗಿಗಳು ಕಡಿಮೆ ಇರುವ ಕಾಯಿಲೆ ಅಂದರೆ ಕೈ ಹಿಂದೆ ಸರಿಯುತ್ತದೆ. ಈ ಎರಡರ ನಡುವೆ ಒಂದು ಕಂದಕ ಇದೆ. ಇನ್ನೂ ಹೆಸರು ಮಾಡದ ವಿಜ್ಞಾನಿ, ಇನ್ನೂ ಸಾಬೀತಾಗದ ಯೋಚನೆ, ಮೊದಲ ಎರಡು ಮೂರು ವರ್ಷದ ಖರ್ಚು. ಓಟಗಾರರ ಚಿಲ್ಲರೆ ದುಡ್ಡು ಬೀಳುವುದು, ಬೀಳಬೇಕಾದದ್ದು, ಆ ಕಂದಕಕ್ಕೆ. ಇದು ಬಿತ್ತನೆ ಬೀಜದ ಸಾಲ ಇದ್ದ ಹಾಗೆ. ಬೆಳೆ ಕಂಡ ಮೇಲೆ ಸಾಲ ಕೊಡಲು ಬ್ಯಾಂಕು ಮುಂದೆ ಬರುತ್ತದೆ. ಬೀಜಕ್ಕೆ ಯಾರು ಕೊಡುತ್ತಾರೆ ಅನ್ನುವುದೇ ಕಷ್ಟ.

ಒಂದು ನಿಜವಾದ ಬೆಳೆ ತೋರಿಸುತ್ತೇನೆ. 1988ರಲ್ಲಿ ಅಮೆರಿಕದ ಬ್ರೂಸ್ ಕ್ಲೀಲ್ಯಾಂಡ್ ಎಂಬವರ ಪುಟ್ಟ ಮಗಳಿಗೆ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಬಂದಿತ್ತು. ಅವರು 38 ಜನರ ತಂಡ ಕಟ್ಟಿಕೊಂಡು ನ್ಯೂಯಾರ್ಕ್ ಮ್ಯಾರಥಾನ್ ಓಡಿ, ರಕ್ತದ ಕ್ಯಾನ್ಸರ್‌ಗೆ ಮೀಸಲಾದ ಅಲ್ಲಿನ ಸಂಸ್ಥೆಗೆ 3 ಲಕ್ಷ 22 ಸಾವಿರ ಡಾಲರ್ ತಂದುಕೊಟ್ಟರು. ಮೊದಲೇ ಓಡುತ್ತಿದ್ದವರಷ್ಟೇ ಅಲ್ಲ, ಓಡಲು ಬಾರದವರಿಗೂ ಕೋಚ್ ಕೊಟ್ಟು ತರಬೇತಿ ಮಾಡಿಸುವುದು, ಅವರು ಹಣ ಕೂಡಿಸುವುದು, ಹೀಗೊಂದು ಪದ್ಧತಿಯೇ ಅಲ್ಲಿಂದ ಹುಟ್ಟಿತು. ಟೀಮ್ ಇನ್ ಟ್ರೇನಿಂಗ್ ಅಂತ ಅದರ ಹೆಸರು. ಇಲ್ಲಿಯವರೆಗೆ ಅದು ಕೂಡಿಸಿದ್ದು ನೂರು ಕೋಟಿ ಡಾಲರ್‌ಗಿಂತ ಮೇಲೆ.

ಇದೇ ಸಂಸ್ಥೆ 1990ರ ದಶಕದಲ್ಲಿ ಹಣ ಕೊಟ್ಟವರಲ್ಲಿ ಒರೆಗಾನ್‌ನ ಡಾ. ಬ್ರಯನ್ ಡ್ರೂಕರ್ ಒಬ್ಬರು. ಅವರು ಹಿಡಿದಿದ್ದು ಸಿಎಂಎಲ್ ಎಂಬ ಒಂದು ಬಗೆಯ ರಕ್ತದ ಕ್ಯಾನ್ಸರನ್ನು. ಈ ಕಾಯಿಲೆಯವರ ಜೀವಕೋಶದಲ್ಲಿ ಒಂದು ಕ್ರೋಮೊಸೋಮ್ (ವಂಶವಾಹಿಗಳನ್ನು ಹೊತ್ತ ಎಳೆ) ಗಿಡ್ಡಗಿರುತ್ತದೆ ಅಂತ 1960ರಲ್ಲೇ ಗೊತ್ತಾಗಿತ್ತು. 1973ರಲ್ಲಿ ಜಾನೆಟ್ ರೌಲಿ ಕಾರಣ ಕಂಡುಹಿಡಿದರು: ಎರಡು ಕ್ರೋಮೊಸೋಮ್‌ಗಳ ತುಂಡುಗಳು ಅದಲುಬದಲಾಗಿವೆ. ಹಾಗೆ ಅದಲುಬದಲಾದ ಕಡೆ ಹುಟ್ಟುವ ಒಂದು ಪ್ರೋಟೀನ್, ಆಫ್ ಆಗದ ಸ್ವಿಚ್ಚಿನ ಹಾಗೆ, ಬಿಳಿ ರಕ್ತಕಣಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಆ ಸ್ವಿಚ್ಚನ್ನು ಮಾತ್ರ ಆಫ್ ಮಾಡುವ ಮಾತ್ರೆ ಸಾಧ್ಯವಾ ಅನ್ನುವುದು ಪ್ರಶ್ನೆ. ಈ ಕಾಯಿಲೆಯವರು ಕಡಿಮೆ, ಮಾರುಕಟ್ಟೆ ಸಣ್ಣದು, ಹಾಗಾಗಿ ಕಂಪನಿಗೆ ಅಷ್ಟು ಉತ್ಸಾಹ ಇರಲಿಲ್ಲ. ಡ್ರೂಕರ್ ಬಿಡಲಿಲ್ಲ. ಮೊದಲು ಗಾಜಿನ ತಟ್ಟೆಯ ಜೀವಕೋಶ, ಆಮೇಲೆ ಇಲಿ, 1998ರಲ್ಲಿ ಮನುಷ್ಯರು. ಆ ಮೊದಲ ಪರೀಕ್ಷೆಯಲ್ಲಿ ತಕ್ಕಷ್ಟು ಪ್ರಮಾಣದ ಮಾತ್ರೆ ತೆಗೆದುಕೊಂಡ 54 ರೋಗಿಗಳಲ್ಲಿ 53 ಜನರ ರಕ್ತಕಣಗಳ ಎಣಿಕೆ ಸರಿಯಾಯಿತು. ಇಂಥ ಲೆಕ್ಕವನ್ನು ಕ್ಯಾನ್ಸರ್ ಡಾಕ್ಟರುಗಳು ಅದುವರೆಗೆ ಕನಸಿನಲ್ಲೂ ನೋಡಿರಲಿಲ್ಲ. 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮಾತ್ರೆಯ ಹೆಸರು ಇಮಾಟಿನಿಬ್.

ಓಟಗಾರರ ದುಡ್ಡಿನಿಂದಲೇ ಈ ಮಾತ್ರೆ ಬಂತು ಅಂತ ನಾನು ಹೇಳುತ್ತಿಲ್ಲ. ಮಾತ್ರೆ ತಯಾರಿಸಿದ್ದು ಕಂಪನಿ, ಸರ್ಕಾರದ ಹಣವೂ ಇತ್ತು, ನಲವತ್ತು ವರ್ಷದ ವಿಜ್ಞಾನ ಇತ್ತು. ಆದರೆ ಯಾರೂ ನಂಬದ ಹೊತ್ತಿನಲ್ಲಿ ಬಾಗಿಲು ಮುಚ್ಚದ ಹಾಗೆ ಕಾಲು ಅಡ್ಡ ಇಟ್ಟವರಲ್ಲಿ ಅವರೂ ಇದ್ದರು. ಅಷ್ಟು ಸಾಕು.

ಇದರ ಮುಂದಿನ ಅಧ್ಯಾಯ ನಮ್ಮದು. ಕಂಪನಿಯ ಬ್ರ್ಯಾಂಡಿನ ಮಾತ್ರೆ ಭಾರತದಲ್ಲಿ ತಿಂಗಳಿಗೆ ಸುಮಾರು 1 ಲಕ್ಷ 20 ಸಾವಿರ ರೂಪಾಯಿ ಇತ್ತು. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಇಲ್ಲಿನ ಕಂಪನಿಗಳ ಜೆನೆರಿಕ್ ಮಾತ್ರೆ ಆಗ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆಗೆ ಸಿಗುತ್ತಿತ್ತು. ಎಲ್ಲೋ ನ್ಯೂಯಾರ್ಕಿನ ರಸ್ತೆಯಲ್ಲಿ ಯಾರೋ ಸುರಿಸಿದ ಬೆವರಿಗೂ ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಗೂ ನಡುವೆ ಇಷ್ಟೆಲ್ಲ ಇದೆ. ಲ್ಯಾಬಿನಲ್ಲಿ ಕಂಡುಹಿಡಿದರೆ ಅರ್ಧ ಕೆಲಸ. ಬಡವನ ಕೈಗೆ ಸಿಗುವುದು ಇನ್ನರ್ಧ. ಆ ಅರ್ಧಕ್ಕೆ ಓಟ ಸಾಲದು, ಕಾನೂನು ಬೇಕು.

ನಮ್ಮಲ್ಲಿಯ ಓಟಗಳ ಕಥೆ ಸ್ವಲ್ಪ ಬೇರೆ. ಮುಂಬೈ ಮ್ಯಾರಥಾನ್ 2004ರಿಂದ, ಬೆಂಗಳೂರಿನ ವರ್ಲ್ಡ್ 10ಕೆ 2008ರಿಂದ ನಡೆಯುತ್ತಿವೆ. ಎರಡರಲ್ಲೂ ಸೇವಾ ಸಂಸ್ಥೆಗಳಿಗೆ ಹಣ ಕೂಡಿಸುವ ವ್ಯವಸ್ಥೆ ಇದೆ, ಚೆನ್ನಾಗಿಯೇ ನಡೆಯುತ್ತದೆ. ಆದರೆ ಇಲ್ಲಿ ಹಣ ಹೆಚ್ಚಾಗಿ ಹೋಗುವುದು ಮಕ್ಕಳ ಓದಿಗೆ, ಅಂಗವಿಕಲರಿಗೆ, ಬಡ ರೋಗಿಗಳ ಚಿಕಿತ್ಸೆಗೆ. ಸಂಶೋಧನೆಗೆ ಅಂತ ಹೋಗುವುದು ಕಡಿಮೆ. ತಪ್ಪು ಅಂತಲ್ಲ. ಎದುರಿಗೆ ಮಗು ನರಳುತ್ತಿದ್ದರೆ ಇಪ್ಪತ್ತು ವರ್ಷದ ಮೇಲೆ ಬರುವ ಔಷಧಿಗೆ ಕೊಡಿ ಅಂತ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಎರಡನ್ನೂ ಒಂದೇ ಅಂತ ಹೇಳಿ ಹಣ ಕೇಳುವುದು ಮಾತ್ರ ತಪ್ಪು.

ನನಗೇ ಆಗಿದೆ. ಒಂದು ಭಾನುವಾರ "ಕ್ಯಾನ್ಸರ್ ವಿರುದ್ಧ ಓಟ" ಅಂತ ಬೆಳಿಗ್ಗೆ ಐದಕ್ಕೆ ಹೋದೆ. ಟಿ-ಶರ್ಟು, ಮೆಡಲು, ಜುಂಬಾ ಡ್ಯಾನ್ಸು, ಇಡ್ಲಿ ವಡೆ. ಎಲ್ಲ ಮುಗಿದ ಮೇಲೆ ಕೌಂಟರಿನಲ್ಲಿದ್ದ ಹುಡುಗನನ್ನು ಕೇಳಿದೆ, ನಮ್ಮ ಎಂಟ್ನೂರು ರೂಪಾಯಿಯಲ್ಲಿ ಎಷ್ಟು ಎಲ್ಲಿಗೆ ಹೋಗುತ್ತೆ ಅಂತ. ಅವನು ಪಕ್ಕದವನನ್ನು ನೋಡಿದ. ಪಕ್ಕದವನು "ಇದು ಅವೇರ್‌ನೆಸ್ ರನ್ ಸರ್" ಅಂದ. ಜಾಗೃತಿ ಓಟ ಅಂತೆ. ಬೆಳಿಗ್ಗೆ ಐದಕ್ಕೆ ಎದ್ದು ಬಂದ ನಮ್ಮಷ್ಟು ಜಾಗೃತರು ಇನ್ಯಾರಿದ್ದರು!

ಅದಾದ ಮೇಲೆ ನಾನು ಹೆಸರು ಕೊಡುವ ಮುಂಚೆಯೇ ಕೇಳುತ್ತೇನೆ. ನೋಂದಣಿ ಶುಲ್ಕ ಬೇರೆ, ದೇಣಿಗೆ ಬೇರೆ ಅನ್ನುವುದು ಮೊದಲು ಗೊತ್ತಿರಲಿ. ಶುಲ್ಕ ಹೋಗುವುದು ರಸ್ತೆ, ನೀರು, ಆಂಬುಲೆನ್ಸು, ಮೆಡಲಿಗೆ. ಹಣ ಯಾವ ಸಂಸ್ಥೆಯ ಖಾತೆಗೆ ಬೀಳುತ್ತದೆ, ಅವರು ಅದನ್ನು ಚಿಕಿತ್ಸೆಗೆ ಬಳಸುತ್ತಾರಾ, ಸಂಶೋಧನೆಗಾ, ಸಂಶೋಧನೆಗಾದರೆ ಯಾವ ಲ್ಯಾಬಿನ ಯಾವ ಕೆಲಸಕ್ಕೆ, ಹೋದ ವರ್ಷದ ಲೆಕ್ಕ ಎಲ್ಲಿ, ಇಷ್ಟನ್ನೂ ಒಂದು ಇಮೇಲ್‌ನಲ್ಲಿ ಕೇಳಿ. ನೆಟ್ಟಗೆ ಕೆಲಸ ಮಾಡುವವರು ಎರಡು ದಿನದಲ್ಲಿ ಉತ್ತರ ಕೊಡುತ್ತಾರೆ. ಕೊಟ್ಟವರಿಗೆ ತೆರಿಗೆ ರಿಯಾಯಿತಿಗೆ ಬೇಕಾದ ರಸೀದಿ ಬರುತ್ತದಾ ಅಂತಲೂ ಕೇಳಿ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗಷ್ಟೇ ಅದರ ಲಾಭ. ಆದರೂ ರಸೀದಿ ಕೊಡುವ ಅಭ್ಯಾಸ ಇರುವವರು ಲೆಕ್ಕ ಇಡುವ ಅಭ್ಯಾಸವನ್ನೂ ಇಟ್ಟುಕೊಂಡಿರುತ್ತಾರೆ.

ಓಡುವವರಿಗೂ ಒಂದು ಮಾತು. ಬೇರೆಯವರ ಹಣ ತೆಗೆದುಕೊಂಡಿದ್ದೇವೆ ಅನ್ನುವ ಭಾರ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಮಳೆಯಲ್ಲಿ ಬೆಳಿಗ್ಗೆ ಎಬ್ಬಿಸುವುದೂ ಅದೇ, ಮಂಡಿ ನೋಯುತ್ತಿದ್ದರೂ ನಿಲ್ಲಿಸಬೇಡ ಅನ್ನುವುದೂ ಅದೇ. ನಾಲ್ಕೈದು ತಿಂಗಳ ತಯಾರಿ ಇಲ್ಲದೆ 42 ಕಿಲೋಮೀಟರ್‌ಗೆ ಇಳಿಯಬೇಡಿ. ಹತ್ತು ಕಿಲೋಮೀಟರ್ ಓಡಿದರೂ ನಿಮ್ಮ ಅತ್ತೆ ಅಷ್ಟೇ ಕೊಡುತ್ತಾರೆ.

ದೊಡ್ಡಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಮಂಡಿ ವ್ಯಾಪಾರದವರಿಗೆ ಬಿತ್ತನೆ ಬೀಜದ ಲೆಕ್ಕ ಬೇಗ ಹತ್ತಿತು. ಗಾಜಿನ ತಟ್ಟೆ, ಇಲಿ, ಆಮೇಲೆ ಮನುಷ್ಯ ಅನ್ನುವ ಕ್ರಮವನ್ನು ಎರಡು ಸಲ ಹೇಳಿಸಿಕೊಂಡರು. ನಾನು ಹಣ ಕೊಡುತ್ತಿರುವ ಲ್ಯಾಬು ಈಗ ಎಲ್ಲಿದೆ ಅಂತ ಕೇಳಿದರು. ಇಲಿ ತನಕ ಬಂದಿದ್ದಾರೆ ಅಂದೆ. ಸಂಜೆ ಪುಟದಲ್ಲಿ ಐದು ಸಾವಿರದ ಒಂದು ರೂಪಾಯಿ ಬಿದ್ದಿತ್ತು. ಅದು ನೂರೊಂದರ ಸಾಲನ್ನು ಮುರಿಯಿತು, ಆಮೇಲೆ ಬಂದವರು ಐನೂರು, ಸಾವಿರ ಕೊಟ್ಟರು.

ಇದಾಗಿ ನಾಲ್ಕು ವರ್ಷ. ಈಗಲೂ ಫೋನ್ ಮಾಡಿದಾಗೆಲ್ಲ ಕೊಬ್ಬರಿ ರೇಟು, ಮಳೆ, ಮಕ್ಕಳ ಓದು ಎಲ್ಲ ಆದ ಮೇಲೆ ಕೊನೆಗೆ ಕೇಳುತ್ತಾರೆ: "ಅದ್ಸರಿ, ನಮ್ಮ ಇಲಿ ಹೆಂಗಿದೆ?"